ಸೈಡ್‌ಮೌಂಟ್ ಡೈವಿಂಗ್: ಡೆಕೊ ಮತ್ತು ಸ್ಟೇಜ್ ಸಿಲಿಂಡರ್ ಕಟ್ಟುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನೇತ್ರಾಣಿಯಲ್ಲಿ ಮೊದಲ ಸಲ ನೀರಿಗಿಳಿದು, ಆಮೇಲೆ ಇನ್ನೂ ಆಳದ ಡೈವಿಂಗ್ ಕಲಿಯಲು ಹೊರಟ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಗೆಳೆಯರು ಮಾತಿನಲ್ಲೂ ಪತ್ರದಲ್ಲೂ ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಸೈಡ್‌ಮೌಂಟ್ ಎಂದರೆ ಸಿಲಿಂಡರ್‌ಗಳನ್ನು ಬೆನ್ನಿಗಲ್ಲದೆ ಎರಡೂ ಪಕ್ಕೆಗೆ ಕಟ್ಟಿಕೊಂಡು ಮಾಡುವ ಡೈವಿಂಗ್. ಪ್ರಶ್ನೆಗಳನ್ನು ಅವರು ಕೇಳಿದ ರೀತಿಯಲ್ಲೇ ಉಳಿಸಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯೊಂದನ್ನೇ ಓದಿದರೂ ಸಾಕು, ಹಿಂದಿನದನ್ನು ಓದಿರಲೇಬೇಕೆಂದಿಲ್ಲ.

## ಮೊದಲ ಹೆಜ್ಜೆಯ ಪ್ರಶ್ನೆಗಳು

ಪಕ್ಕೆಯಲ್ಲಿ ಎರಡು ಸಿಲಿಂಡರ್ ಈಗಾಗಲೇ ಇವೆಯಲ್ಲ, ಮೂರನೆಯದು ನಾಲ್ಕನೆಯದು ಏಕೆ?

ಸೈಡ್‌ಮೌಂಟ್‌ನ ಎರಡು ಮುಖ್ಯ ಸಿಲಿಂಡರುಗಳಲ್ಲಿ ಇರುವುದು ತಳದಲ್ಲಿ ಉಸಿರಾಡುವ ಅನಿಲ. ಆಳದಲ್ಲಿ ಹೆಚ್ಚು ಹೊತ್ತು ಇದ್ದಷ್ಟೂ ನೈಟ್ರೋಜನ್ ಮೈಯೊಳಗೆ ಕರಗುತ್ತ ಹೋಗುತ್ತದೆ. ಒಮ್ಮೆಲೇ ಮೇಲೆ ಬಂದರೆ ಅದು ಗುಳ್ಳೆಗಳಾಗಿ ಕೀಲು, ಬೆನ್ನುಹುರಿ, ಮೆದುಳಿಗೆ ಹಾನಿ ಮಾಡಬಹುದು. ಆದ್ದರಿಂದ ಗೊತ್ತುಪಡಿಸಿದ ಆಳಗಳಲ್ಲಿ ನಿಂತು ನಿಂತು ಏರಬೇಕು. ಇದೇ ಡಿಕಂಪ್ರೆಶನ್, ಡೈವರ್‌ಗಳ ಬಾಯಲ್ಲಿ ಡೆಕೊ. ಹೀಗೆ ನಿಲ್ಲುವಾಗ ಆಕ್ಸಿಜನ್ ಹೆಚ್ಚಿರುವ ಅನಿಲವನ್ನು ಉಸಿರಾಡಿದರೆ ನೈಟ್ರೋಜನ್ ಬೇಗ ಹೊರಬೀಳುತ್ತದೆ, ಕಾಯುವ ಹೊತ್ತು ಕಡಿಮೆಯಾಗುತ್ತದೆ. ಆದರೆ ಆ ಅನಿಲವನ್ನು ಆಳದಲ್ಲಿ ಉಸಿರಾಡಿದರೆ ವಿಷವಾಗುತ್ತದೆ. ಹಾಗಾಗಿ ಅದಕ್ಕೆ ಬೇರೆಯದೇ ಸಿಲಿಂಡರ್ ಬೇಕು, ಅದು ಮುಖ್ಯ ಸಿಲಿಂಡರ್‌ನೊಂದಿಗೆ ಎಂದೂ ಬೆರೆಯಬಾರದು, ಕತ್ತಲಲ್ಲಿ ಮುಟ್ಟಿದರೂ ಇದು ಯಾವುದೆಂದು ಕೈಗೆ ತಿಳಿಯಬೇಕು. ಈ ಪುಟದಲ್ಲಿ ಮುಂದೆ ಬರುವ ಹಗ್ಗ, ಕೊಂಡಿ, ಪಟ್ಟಿಗಳ ಮಾತಿನ ಹಿಂದೆಲ್ಲ ಇರುವುದು ಇದೊಂದೇ ಕಾಳಜಿ.

ಸ್ಟೇಜ್ ಸಿಲಿಂಡರ್, ಡೆಕೊ ಸಿಲಿಂಡರ್ ಎರಡೂ ಒಂದೇ ಅಲ್ಲವೇ?

ಕಟ್ಟುವ ವಿಧಾನ ಒಂದೇ, ಕೆಲಸ ಬೇರೆ. ಸ್ಟೇಜ್ ಸಿಲಿಂಡರ್‌ನಲ್ಲಿ ತಳದಲ್ಲಿ ಉಸಿರಾಡುವ ಅನಿಲವೇ ಇರುತ್ತದೆ. ದಾರಿ ಉದ್ದವಾದಾಗ ಹೆಚ್ಚುವರಿಯಾಗಿ ಒಯ್ಯುತ್ತೇವೆ. ಗುಹೆ ಡೈವಿಂಗ್‌ನಲ್ಲಿ ಅದನ್ನು ಒಂದಿಷ್ಟು ಬಳಸಿ, ದಾರಿದಾರಕ್ಕೆ (ಹೊರಬರುವ ದಾರಿ ತಪ್ಪದಿರಲು ಹಾಸಿದ ದಾರ) ಕೊಂಡಿ ಹಾಕಿ ಬಿಟ್ಟು, ಹಿಂತಿರುಗುವಾಗ ಎತ್ತಿಕೊಳ್ಳುತ್ತಾರೆ. ಡೆಕೊ ಸಿಲಿಂಡರ್‌ನಲ್ಲಿ ಇರುವುದು ಮೇಲೇರುವಾಗ ಮಾತ್ರ ಬಳಸುವ, ಆಕ್ಸಿಜನ್ ಹೆಚ್ಚಿರುವ ಅನಿಲ. ಸ್ಟೇಜ್ ಸಿಲಿಂಡರ್ ಅನ್ನು ತಳದಲ್ಲಿ ಬಾಯಿಗಿಟ್ಟರೆ ಅಪಾಯವಿಲ್ಲ. ಡೆಕೊ ಸಿಲಿಂಡರ್ ಅನ್ನು ತಳದಲ್ಲಿ ಬಾಯಿಗಿಟ್ಟರೆ ಪ್ರಾಣಕ್ಕೆ ಕುತ್ತು.

ನೇತ್ರಾಣಿಗೆ ಹೋಗುವವರಿಗೆ ಇದೆಲ್ಲ ಬೇಕೇ?

ಬೇಡ. ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿಯಲ್ಲಿ ನಾವು ಮಾಡುವುದು ಡೆಕೊ ಬೇಡದ ಡೈವ್‌ಗಳನ್ನು. ಅಲ್ಲಿನ ಹವಳ, ಮೀನುಗಳನ್ನು ನೋಡಲು ಒಂದು ಸಿಲಿಂಡರ್ ಸಾಕು. ಸೈಡ್‌ಮೌಂಟ್ ಕಲಿತವರು ಅಲ್ಲಿ ಎರಡು ಸಿಲಿಂಡರ್‌ಗಳ ಅಭ್ಯಾಸ ಮಾಡಬಹುದು, ಬರಿಯ ಹೊರೆಯಾಗಿ ಒಂದು ಸ್ಟೇಜ್ ಸಿಲಿಂಡರ್ ಹೊತ್ತು ಸಮತೋಲನ ನೋಡಿಕೊಳ್ಳಬಹುದು, ದೋಣಿಯವರು ಒಪ್ಪಿದರೆ ಮಾತ್ರ. ಡೆಕೊ ಡೈವ್‌ನ ತರಬೇತಿಗೆ ಆಕ್ಸಿಜನ್ ತುಂಬುವ ಸೌಕರ್ಯ, ಆಳ, ಅನುಭವಿ ಬೋಧಕರು ಮೂರೂ ಇರುವ ಕಡೆಗೆ ಹೋಗಬೇಕು. ಥಾಯ್ಲೆಂಡ್, ಫಿಲಿಪ್ಪೀನ್ಸ್, ಈಜಿಪ್ಟ್‌ನ ದಹಬ್, ಮಾಲ್ಟಾ ಇದಕ್ಕೆ ಹೆಸರಾದ ಜಾಗಗಳು.

ಕೋರ್ಸ್ ಮಾಡದೆ, ವಿಡಿಯೊ ನೋಡಿ ಕಲಿಯಬಹುದೇ?

ಹಗ್ಗ ಕಟ್ಟುವುದನ್ನು ಕಲಿಯಬಹುದು. ಉಸಿರಾಡುವುದನ್ನು ಕಲಿಯಲಾಗದು. ಈ ಪುಟವೂ ಬೋಧಕರ ಬದಲಿಯಲ್ಲ.

## ಸಿಲಿಂಡರ್, ಹಗ್ಗ, ಕೊಂಡಿ

ಸ್ಟೀಲ್ ಗಟ್ಟಿಯಲ್ಲವೇ, ಎಲ್ಲರೂ ಅಲ್ಯೂಮಿನಿಯಂ ಏಕೆ ಹೇಳುತ್ತಾರೆ? 40 ತೆಗೆದುಕೊಳ್ಳಲೇ, 80 ತೆಗೆದುಕೊಳ್ಳಲೇ?

ನೀರಿನಲ್ಲಿ ಸ್ಟೀಲ್ ಸಿಲಿಂಡರ್ ಖಾಲಿಯಾದರೂ ಸಾಮಾನ್ಯವಾಗಿ ಕೆಳಕ್ಕೇ ಜಗ್ಗುತ್ತದೆ. ಮುಖ್ಯ ಸಿಲಿಂಡರ್‌ಗೆ ಅದು ಸರಿ. ಆದರೆ ಡೆಕೊ ಸಿಲಿಂಡರ್ ಅನ್ನು ನೀರಿನಲ್ಲೇ ಬಿಚ್ಚಬೇಕು, ಜೊತೆಗಾರನ ಕೈಗೆ ಕೊಡಬೇಕು, ಒಮ್ಮೊಮ್ಮೆ ದಾರಕ್ಕೆ ತೂಗಿಬಿಡಬೇಕು. ಆಗ ಅದು ಮುಳುಗಲೂ ಬಾರದು, ತೇಲಲೂ ಬಾರದು. ಅಲ್ಯೂಮಿನಿಯಂ ಇದಕ್ಕೆ ಹತ್ತಿರ.

40, 80 ಎಂಬುವು ಸಿಲಿಂಡರ್ ಹಿಡಿಯುವ ಅನಿಲದ ಘನ ಅಡಿ ಲೆಕ್ಕದಿಂದ ಬಂದ ಹೆಸರುಗಳು. ಅಲ್ಯೂಮಿನಿಯಂ 80ರ ಒಳ ಅಳತೆ 11.1 ಲೀಟರ್, ತುಂಬುವ ಒತ್ತಡ 207 ಬಾರ್. ತುಂಬಿದಾಗ ನೀರಿನಲ್ಲಿ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು ಭಾರ. ಖಾಲಿಯಾದಾಗ ಸುಮಾರು 2 ಕಿಲೋ ತೇಲುತ್ತದೆ. ಒಳಗಿನ ಅನಿಲಕ್ಕೇ ಎರಡೂವರೆ ಕಿಲೋಗಿಂತ ಹೆಚ್ಚು ತೂಕವಿರುವುದರಿಂದ ಈ ವ್ಯತ್ಯಾಸ. ಅಲ್ಯೂಮಿನಿಯಂ 40ರ ಒಳ ಅಳತೆ ಸುಮಾರು 5.7 ಲೀಟರ್, ತುಂಬಿದಾಗಲೂ ಖಾಲಿಯಾದಾಗಲೂ ಅದರ ತೂಕ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಡೆಕೊಗೆ ನಾನು 40ನ್ನೇ ಹೇಳುತ್ತೇನೆ. 80 ಬೇಕಾಗುವುದು ಸ್ಟೇಜ್‌ಗೆ, ಇಲ್ಲವೇ ಡೆಕೊ ಬಹಳ ಉದ್ದವಾದಾಗ. ಮೊದಲ ಕೋರ್ಸ್‌ಗೆ ಹೋಗುವವರಿಗೆ ಬಾಡಿಗೆಗೆ ಸಿಗುವುದು ಹೆಚ್ಚಾಗಿ 80 ಎಂಬುದನ್ನೂ ಲೆಕ್ಕದಲ್ಲಿಡಿ.

ಕಟ್ಟುವವರಿಗೆ ಉಪಯೋಗವಾಗುವ ಸಂಗತಿಯೊಂದಿದೆ. ಎರಡರ ಉದ್ದ ಹೆಚ್ಚುಕಡಿಮೆ ಒಂದೇ, 65 ಸೆಂಟಿಮೀಟರ್ ಆಸುಪಾಸು. ದಪ್ಪ ಮಾತ್ರ ಬೇರೆ: 80ರ ವ್ಯಾಸ 184 ಮಿಲಿಮೀಟರ್, 40ರದ್ದು 133. ಅಂದರೆ ಹಗ್ಗದ ಅಳತೆ ಎರಡಕ್ಕೂ ಒಂದೇ ಆಗುತ್ತದೆ, ಬೆಲ್ಟ್ ಅಥವಾ ಹೋಸ್ ಕ್ಲಿಪ್ (ಸ್ಕ್ರೂ ತಿರುಗಿಸಿ ಬಿಗಿಯುವ ಲೋಹದ ಪಟ್ಟಿ) ಮಾತ್ರ ಬದಲಿಸಿದರೆ ಸಾಕು.

ಕಟ್ಟುವ ಸಾಮಾನು ಹುಬ್ಬಳ್ಳಿಯಲ್ಲೇ ಸಿಗುತ್ತದೆಯೇ, ಎಲ್ಲವನ್ನೂ ಹೊರಗಿನಿಂದ ತರಿಸಬೇಕೇ?

ಅರ್ಧಕ್ಕಿಂತ ಹೆಚ್ಚು ಇಲ್ಲೇ ಸಿಗುತ್ತದೆ. 6 ಮಿಲಿಮೀಟರ್ ನೈಲಾನ್ ಹಗ್ಗ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಹೆಣೆದ ಹಗ್ಗ ತೆಗೆದುಕೊಳ್ಳಿ, ಹುರಿ ಹಾಕಿದ್ದು ಒದ್ದೆಯಾದರೆ ಬಿಚ್ಚಿಕೊಳ್ಳುತ್ತದೆ. ಹಿಡಿಕೆಗೆ ಗಟ್ಟಿ ರಬ್ಬರ್ ಪೈಪಿನ ತುಂಡು ಸಾಕು. ಹೋಸ್ ಹಿಡಿದಿಡುವ ಪಟ್ಟಿಗೆ ಪಂಕ್ಚರ್ ಅಂಗಡಿಯ ಹಳೆಯ ಟ್ಯೂಬ್ ಬೇಕು: 40ಕ್ಕೆ ಕಾರಿನದು, 80ಕ್ಕೆ ಲಾರಿಯದು. ಎರಡು ಬೆರಳಗಲದ ಉಂಗುರಗಳಾಗಿ ಕತ್ತರಿಸಿ, ಸೋಪಿನ ನೀರಿನಲ್ಲಿ ಚೆನ್ನಾಗಿ ತಿಕ್ಕಿ ತೊಳೆಯಿರಿ. ಟ್ಯೂಬಿನ ಪುಡಿ, ಗ್ಯಾರೇಜಿನ ಎಣ್ಣೆ ಯಾವುದೂ ಆಕ್ಸಿಜನ್ ವಾಲ್ವ್‌ನ ಹತ್ತಿರ ಸುಳಿಯಬಾರದು.

ಹೋಸ್ ಕ್ಲಿಪ್ ಕೊಳ್ಳುವಾಗ ಎಚ್ಚರ. ಪಟ್ಟಿ ಸ್ಟೇನ್‌ಲೆಸ್ ಆಗಿದ್ದು ಸ್ಕ್ರೂ ಮಾತ್ರ ಸತು ಬಳಿದ ಕಬ್ಬಿಣವಾಗಿರುವ ಕ್ಲಿಪ್‌ಗಳೇ ಅಗ್ಗಕ್ಕೆ ಸಿಗುವುದು. ಉಪ್ಪುನೀರಿನಲ್ಲಿ ಆ ಸ್ಕ್ರೂ ತುಕ್ಕು ಹಿಡಿದು ಮುರಿಯುತ್ತದೆ. ಅಂಗಡಿಗೆ ಅಯಸ್ಕಾಂತ ತೆಗೆದುಕೊಂಡು ಹೋಗಿ. ಸ್ಕ್ರೂ ಬಲವಾಗಿ ಅಂಟಿಕೊಂಡರೆ ಬೇಡ ಎನ್ನಿ. 316 ದರ್ಜೆಯ ಸ್ಟೇನ್‌ಲೆಸ್ ಉತ್ತಮ. ಗುಂಡಿಯನ್ನು ಹಿಂದಕ್ಕೆಳೆದರೆ ಮಾತ್ರ ತೆರೆಯುವ ಬೋಲ್ಟ್ ಸ್ನ್ಯಾಪ್ ಕೊಂಡಿಯನ್ನು ಮಾತ್ರ ಡೈವಿಂಗ್ ಅಂಗಡಿಯಿಂದಲೇ ತರಿಸಿ. ನಾಯಿಯ ಚೈನಿಗೆ ಹಾಕುವ ಕೊಂಡಿ ನೋಡಲು ಹಾಗೆಯೇ ಇರುತ್ತದೆ, ಒಳಗಿನ ಸ್ಪ್ರಿಂಗ್ ಸಮುದ್ರಕ್ಕೆ ಮಾಡಿದ್ದಲ್ಲ.

ಸರ್, ಕಟ್ಟುವ ವಿಧಾನವನ್ನು ಅಳತೆ ಸಮೇತ ಹೇಳಿ.

ವಿಧಾನ ಹೇಳುತ್ತೇನೆ. ಅಳತೆಯನ್ನು ನಿಮ್ಮ ಮೈ ಹೇಳಬೇಕು.

ಸಿಲಿಂಡರ್‌ನ ಕತ್ತಿಗೆ ಹಗ್ಗದ ಕುಣಿಕೆ ಹಾಕಿ, ಅಲ್ಲಿಂದ ಹಗ್ಗವನ್ನು ಸಿಲಿಂಡರ್‌ನ ಉದ್ದಕ್ಕೂ ಕೆಳಗೆ ತಂದು, ಹೊಟ್ಟೆಯ ಭಾಗದಲ್ಲಿ ಬಿಗಿದ ಹೋಸ್ ಕ್ಲಿಪ್‌ನ ಅಡಿಯಲ್ಲಿ ತೂರಿಸಿ ಗಂಟು ಹಾಕಬೇಕು. ನಡುವೆ ರಬ್ಬರ್ ಪೈಪಿನ ತುಂಡು ಪೋಣಿಸಿದರೆ ಅದೇ ಹಿಡಿಕೆ. ಹಗ್ಗ ಬಿಗಿಯಾಗಿರಬೇಕು, ಆದರೆ ದಪ್ಪ ಕೈಗವಸು ಹಾಕಿದ ಕೈ ಒಳಗೆ ಹೋಗುವಷ್ಟು ಜಾಗ ಇರಬೇಕು. ಕತ್ತಿನ ಬಳಿ ಒಂದು ಬೋಲ್ಟ್ ಸ್ನ್ಯಾಪ್, ಕ್ಲಿಪ್‌ನ ಬಳಿ ಇನ್ನೊಂದು, ಎರಡನ್ನೂ ದಾರದಿಂದ ಕಟ್ಟಿ. ಹಗ್ಗದ ತುದಿಗಳನ್ನು ಬೆಂಕಿಗೆ ಹಿಡಿದು ಕರಗಿಸಿ ಮುಚ್ಚಿ. ಹೋಸ್ ಕ್ಲಿಪ್‌ನ ಬಾಲ ಉಳಿದರೆ ಕತ್ತರಿಸಿ, ಆ ಅಂಚಿನ ಮೇಲೆ ಟ್ಯೂಬಿನ ಪಟ್ಟಿ ಎಳೆಯಿರಿ. ಬಿಟ್ಟರೆ ಡ್ರೈಸೂಟ್ (ನೀರು ಒಳಬಿಡದ ಉಡುಪು) ಸೀಳುತ್ತದೆ, ಕೈ ಕೊಯ್ಯುತ್ತದೆ.

ಈಗ ಅಳತೆ. ಹಾರ್ನೆಸ್ (ಸಿಲಿಂಡರ್ ಹೊರಲು ಮೈಗೆ ತೊಡುವ ಪಟ್ಟಿಗಳು) ತೊಟ್ಟುಕೊಂಡು, ಮುಖ್ಯ ಸಿಲಿಂಡರ್ ಹಾಕಿಕೊಂಡು, ಮುಂದಕ್ಕೆ ಬಾಗಿ ನಿಲ್ಲಿ. ಜೊತೆಗಾರನೊಬ್ಬ ಡೆಕೊ ಸಿಲಿಂಡರ್ ಅನ್ನು ಪಕ್ಕೆಗೆ ಹಿಡಿಯಲಿ. ವಾಲ್ವ್ ಕಂಕುಳಿಗಿಂತ ತುಸು ಮುಂದಿರಬೇಕು. ತಲೆ ಬಗ್ಗಿಸಿದರೆ ಕಾಣಬೇಕು. ಆ ಸ್ಥಿತಿಯಲ್ಲಿ ಹಾರ್ನೆಸ್‌ನಲ್ಲಿ ಎದೆಯ ಮೇಲಿರುವ ಡಿ-ರಿಂಗ್‌ಗೆ (ಡಿ ಆಕಾರದ ಲೋಹದ ಬಳೆ) ಮೇಲಿನ ಕೊಂಡಿ ಸಿಗುವಷ್ಟೇ ಉದ್ದದ ಕುಣಿಕೆ ಬೇಕು. ಉದ್ದ ಬಿಟ್ಟರೆ ಸಿಲಿಂಡರ್ ಎದೆಯಿಂದ ಜೋತಾಡುತ್ತದೆ. ಕೆಳಗಿನ ಕೊಂಡಿ ಸೊಂಟದ ಡಿ-ರಿಂಗ್ ಎದುರಿಗೆ ಬರುವ ಕಡೆ ಹೋಸ್ ಕ್ಲಿಪ್ ಬಿಗಿಯಿರಿ. ಗಿಡ್ಡ ಮೈಕಟ್ಟಿನವರಿಗೆ ಕ್ಲಿಪ್ ಮೇಲಕ್ಕೆ ಹೋಗುತ್ತದೆ, ಎತ್ತರದವರಿಗೆ ಕೆಳಕ್ಕೆ. ಇನ್ನೊಬ್ಬರ ಸೆಂಟಿಮೀಟರ್ ಲೆಕ್ಕವನ್ನು ನಕಲು ಮಾಡಿದರೆ ಅವರ ಮೈಗೆ ಹೊಂದುವ ಸಿಲಿಂಡರ್ ನಿಮ್ಮದಾಗುತ್ತದೆ.

ಮುಖ್ಯ ಸಿಲಿಂಡರ್ ಕಚ್ಚಿಸುವ ಡಿ-ರಿಂಗ್‌ಗೆ ಡೆಕೊ ಕೊಂಡಿಯನ್ನು ಹಾಕಬೇಡಿ. ಅದಕ್ಕಿಂತ ಮುಂದೆ, ಹೊಟ್ಟೆಯ ಕಡೆಗೆ, ಬೇರೆ ಡಿ-ರಿಂಗ್ ಇರಲಿ. ಹಾಕಿಕೊಳ್ಳುವಾಗ ಮುಖ್ಯ ಸಿಲಿಂಡರ್ ಮೊದಲು, ಡೆಕೊ ಕೊನೆಗೆ. ಬಿಚ್ಚುವಾಗ ಡೆಕೊ ಮೊದಲು. ಈ ಕ್ರಮಕ್ಕೆ ಅಡ್ಡಿಯಾಗುವಂತೆ ಒಂದು ಕೊಂಡಿಯ ಮೇಲೆ ಇನ್ನೊಂದು ಕೂತರೆ, ತುರ್ತಿನಲ್ಲಿ ಎರಡೂ ಬಿಚ್ಚಲಾಗದು.

ಕೊಂಡಿಯನ್ನು ನೇರವಾಗಿ ಕ್ಲಿಪ್‌ಗೆ ಹಾಕಿದರೆ ಇನ್ನೂ ಗಟ್ಟಿಯಲ್ಲವೇ? ದಾರದ ಕಟ್ಟು ಏಕೆ?

ಗಟ್ಟಿ, ಅದೇ ತೊಂದರೆ. ಲೋಹಕ್ಕೆ ಲೋಹ ಕಟ್ಟಿದರೆ ನೀರಿನೊಳಗೆ ಬಿಡಿಸಲು ದಾರಿಯಿಲ್ಲ. ಬೋಲ್ಟ್ ಸ್ನ್ಯಾಪ್ ಮರಳು ಕಚ್ಚಿ ಜಾಮ್ ಆಗುವುದು ಅಪರೂಪವಲ್ಲ. ದಾರದಿಂದ ಕಟ್ಟಿದ್ದರೆ ಕತ್ತರಿಸಿ ಸಿಲಿಂಡರ್ ಬಿಡಬಹುದು. ಹಾಗಾಗಿ ಮೈಗೆ ಸೇರುವ ಪ್ರತಿ ಕೊಂಡಿಯಲ್ಲೂ ಕತ್ತರಿಸಬಲ್ಲ ಒಂದು ಕಟ್ಟು ಇರಲೇಬೇಕು, ಕತ್ತರಿಸುವ ಸಾಧನ ಎರಡು ಇರಬೇಕು, ಒಂದು ಎಡಗೈಗೆ, ಇನ್ನೊಂದು ಬಲಗೈಗೆ ಎಟುಕಬೇಕು.

ಬೋಲ್ಟ್ ಸ್ನ್ಯಾಪ್ ಬದಲು ಬೆಟ್ಟ ಹತ್ತುವವರ ಕ್ಯಾರಾಬೀನರ್ ಹಾಕಬಹುದೇ? ತೆರೆಯಲು ಸುಲಭ.

ಬೇಡ. ಅದರ ಬಾಗಿಲು ಒಳಕ್ಕೆ ತಳ್ಳಿದರೆ ತೆರೆಯುತ್ತದೆ. ಮೀನಿನ ಬಲೆಯ ದಾರವೋ ಗುಹೆಯ ದಾರಿದಾರವೋ ತಾಗಿದರೆ ತಾನೇ ಒಳಗೆ ಸೇರಿಕೊಂಡು ನಿಮ್ಮನ್ನು ಕಟ್ಟಿಹಾಕುತ್ತದೆ. ನಮ್ಮ ಕರಾವಳಿಯಲ್ಲಿ ಹರಿದ ಬಲೆಗಳು ಬಂಡೆಗೆ ಸಿಕ್ಕಿಕೊಂಡಿರುತ್ತವೆ ಎಂಬುದನ್ನು ನೆನಪಿಡಿ.

ಡೆಕೊ ಸಿಲಿಂಡರ್‌ಗೆ ಯಾವ ರೆಗ್ಯುಲೇಟರ್? ಹೋಸ್ ಎಷ್ಟು ಉದ್ದ?

ಒಂದು ಮೀಟರ್ ಆಸುಪಾಸಿನ ಹೋಸ್, ಒಂದೇ ಸೆಕೆಂಡ್ ಸ್ಟೇಜ್ (ರೆಗ್ಯುಲೇಟರ್‌ನ ಬಾಯಿಗಿಡುವ ಭಾಗ), ಗೇಣಿಗಿಂತ ಗಿಡ್ಡ ಹೋಸ್‌ನಲ್ಲಿ ಪ್ರೆಶರ್ ಗೇಜ್. ಜಾಕೆಟ್‌ಗೆ ಗಾಳಿ ತುಂಬುವ ಹೋಸ್ ಬೇಡ. ಹೋಸ್ ಅನ್ನು ಸಿಲಿಂಡರ್‌ನ ಉದ್ದಕ್ಕೆ ಮಡಚಿ ಎರಡು ಪಟ್ಟಿಗಳ ಕೆಳಗೆ ಸಿಕ್ಕಿಸಿ, ಒಂದೇ ಎಳೆತಕ್ಕೆ ಹೊರಬರಬೇಕು, ತಾನೇ ಜಾರಬಾರದು. ವಾಲ್ವ್ ತಿರುಪಿನಿಂದ ಕೂಡುವ ಡಿನ್ ಮಾದರಿಯದಾಗಿರಲಿ, ಬಡಿತ ತಡೆದುಕೊಳ್ಳುತ್ತದೆ. ಯುರೋಪಿಗೆ ಹೋಗುವವರು ಮೊದಲೇ ಕೇಳಿಕೊಳ್ಳಿ: ಅಲ್ಲಿ ನೈಟ್ರಾಕ್ಸ್ (ಆಕ್ಸಿಜನ್ ಪ್ರಮಾಣ ಹೆಚ್ಚಿಸಿದ ಗಾಳಿ), ಆಕ್ಸಿಜನ್ ಸಿಲಿಂಡರ್‌ಗಳಿಗೆ ಎಂ26 ಎಂಬ ಬೇರೆ ಅಳತೆಯ ತಿರುಪು ಇರಬಹುದು, ನಿಮ್ಮ ರೆಗ್ಯುಲೇಟರ್ ಅದಕ್ಕೆ ಕೂಡುವುದಿಲ್ಲ.

ಸಮುದ್ರವಿಲ್ಲದ ಊರಿನಲ್ಲಿ ಅಭ್ಯಾಸ ಎಲ್ಲಿ ಮಾಡಲಿ? ಉಣಕಲ್ ಕೆರೆಯಲ್ಲಿ ಇಳಿಯಬಹುದೇ?

ಉಣಕಲ್ ಕೆರೆಯೂ ಬೇಡ, ಕೆಲಗೇರಿ ಕೆರೆಯೂ ಬೇಡ. ಕಳೆ, ಕೊಳಚೆ, ಕಣ್ಣ ಮುಂದಿನ ಕೈ ಕಾಣದ ನೀರು. ಅಲ್ಲಿ ಕಲಿಯುವುದು ಏನೂ ಇಲ್ಲ, ಅನುಮತಿಯೂ ಇಲ್ಲ. ಲಕ್ಕುಂಡಿಯ ಬಾವಿಗಳನ್ನು ಕೇಳಿದವರೂ ಇದ್ದಾರೆ. ಅವು ನಮ್ಮ ಹಿರಿಯರು ಕಲ್ಲಿನಲ್ಲಿ ಕಟ್ಟಿ ಉಳಿಸಿಕೊಟ್ಟವು, ಅವನ್ನು ನೋಡಲು ಹೋಗಬೇಕೇ ಹೊರತು ಸಿಲಿಂಡರ್ ಹೊತ್ತು ಇಳಿಯಲು ಅಲ್ಲ.

ಆದರೆ ಈ ವಿದ್ಯೆಯ ದೊಡ್ಡ ಪಾಲು ನೆಲದ ಮೇಲೆಯೇ ಕಲಿಯುವಂಥದ್ದು, ಮತ್ತು ಅದಕ್ಕೆ ಹುಬ್ಬಳ್ಳಿಯ ಒಂದು ಕೋಣೆ ಸಾಕು. ಹಾರ್ನೆಸ್ ತೊಟ್ಟು, ಗಟ್ಟಿ ಬೆಂಚಿನ ಮೇಲೆ ಬೋರಲು ಮಲಗಿ, ಖಾಲಿ ಸಿಲಿಂಡರ್ ಅನ್ನು ಒಂದೇ ಕೈಯಲ್ಲಿ ಹಾಕಿ ತೆಗೆಯಿರಿ. ಆಮೇಲೆ ಕಣ್ಣು ಕಟ್ಟಿಕೊಂಡು ಮಾಡಿ. ಯಾವ ಕೊಂಡಿ ಎಲ್ಲಿದೆ, ವಾಲ್ವ್ ಯಾವ ಕಡೆ ತಿರುಗಿಸಿದರೆ ತೆರೆಯುತ್ತದೆ, ಗೇಜ್ ಎಲ್ಲಿ ಸಿಗುತ್ತದೆ, ಇವು ಯೋಚಿಸದೆ ಕೈಗೆ ಬರಬೇಕು. ಈಜುಕೊಳದವರು ಒಪ್ಪಿದರೆ ಎರಡು ಮೀಟರ್ ನೀರಿನಲ್ಲಿ ಇದನ್ನೇ ಮಾಡಿ. ಸಿಲಿಂಡರ್ ತಳಕ್ಕೆ ಬಡಿಯದಂತೆ ಕೆಳಗೆ ರಬ್ಬರ್ ಬೂಟು ಹಾಕಿ, ಇಲ್ಲದಿದ್ದರೆ ಟೈಲ್ಸ್ ಒಡೆದು ಮುಂದಿನವರಿಗೂ ಬಾಗಿಲು ಮುಚ್ಚುತ್ತದೆ. ದುಬಾರಿ ತರಬೇತಿಗೆ ಹೊರದೇಶಕ್ಕೆ ಹೋಗಿ ಮೊದಲ ಎರಡು ದಿನ ಕೊಂಡಿ ಹುಡುಕುವುದರಲ್ಲೇ ಕಳೆಯುವವರನ್ನು ಕಂಡು ನನಗೆ ಸಂಕಟವಾಗುತ್ತದೆ. ಆ ಎರಡು ದಿನವನ್ನು ಇಲ್ಲೇ ಉಳಿಸಬಹುದು.

## ಅನಿಲ, ಗುರುತು, ಲೆಕ್ಕ

ಗೋಕುಲ ರಸ್ತೆಯಲ್ಲಿ ವೆಲ್ಡಿಂಗ್ ಆಕ್ಸಿಜನ್ ಸುಲಭವಾಗಿ ಸಿಗುತ್ತದೆ. ಅದನ್ನೇ ತುಂಬಿಸಿಕೊಂಡರೆ?

ಖಂಡಿತ ಬೇಡ. ಆಕ್ಸಿಜನ್ ತಾನು ಉರಿಯುವುದಿಲ್ಲ, ಉಳಿದೆಲ್ಲವನ್ನೂ ಉರಿಸುತ್ತದೆ. ಅಧಿಕ ಒತ್ತಡದ ಆಕ್ಸಿಜನ್ ಒಮ್ಮೆಲೇ ನುಗ್ಗಿದಾಗ ಒಳಗೆ ಶಾಖ ಹುಟ್ಟುತ್ತದೆ. ಎಣ್ಣೆಯ ಒಂದು ಹನಿ, ಸಾಧಾರಣ ಸಿಲಿಕೋನ್ ಗ್ರೀಸ್‌ನ ಒಂದು ಲೇಪ ಇದ್ದರೆ ಸಾಕು, ಹೊತ್ತಿಕೊಳ್ಳಬಹುದು. ಅದಕ್ಕಾಗಿಯೇ 40 ಪ್ರತಿಶತಕ್ಕಿಂತ ಹೆಚ್ಚು ಆಕ್ಸಿಜನ್ ಇರುವ ಅನಿಲಕ್ಕೆ ಸಿಲಿಂಡರ್, ವಾಲ್ವ್, ರೆಗ್ಯುಲೇಟರ್ ಎಲ್ಲವನ್ನೂ ಆಕ್ಸಿಜನ್‌ಗೆಂದೇ ಶುಚಿ ಮಾಡಿ, ವೈಟಾನ್‌ನಂತಹ ಓ-ರಿಂಗ್, ಆಕ್ಸಿಜನ್‌ಗೆ ಒಪ್ಪುವ ಗ್ರೀಸ್ ಹಾಕಿರಬೇಕು. ವೆಲ್ಡಿಂಗ್ ಅಂಗಡಿಯ ಪೈಪು, ಜೋಡಣೆಗಳು ಈ ಶುಚಿಯಲ್ಲಿ ಇರುವುದಿಲ್ಲ. ಕಾನೂನೂ ಇದೆ: ಸಿಲಿಂಡರ್ ತುಂಬಿಸಲು 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಅಡಿಯಲ್ಲಿ ಪರವಾನಗಿ ಬೇಕು, ಅದನ್ನು ಕೊಡುವುದು ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ. ಅನಿಲವನ್ನು ಡೈವಿಂಗ್‌ಗೆ ತುಂಬುವವರಿಂದಲೇ ತುಂಬಿಸಿ. ಡೆಕೊ ಸಿಲಿಂಡರ್‌ನ ವಾಲ್ವ್ ಅನ್ನು ಯಾವಾಗಲೂ ನಿಧಾನವಾಗಿಯೇ ತೆರೆಯಿರಿ.

ಸಿಲಿಂಡರ್ ಮೇಲೆ ಏನು ಬರೆಯಬೇಕು? ಬಣ್ಣ ಹಚ್ಚಿದರೆ ಸಾಲದೇ?

ಬಣ್ಣ ಸಾಲದು. ಭಾರತದಲ್ಲಿ ವೈದ್ಯಕೀಯ ಆಕ್ಸಿಜನ್ ಸಿಲಿಂಡರ್ ಕಪ್ಪು ಮೈ, ಬಿಳಿ ಹೆಗಲು, ಅಮೆರಿಕದಲ್ಲಿ ಹಸಿರು. ಆಳಕ್ಕೆ ಹೋದಂತೆ ಬಣ್ಣಗಳೂ ಮಾಸುತ್ತವೆ, ಕೆಂಪು ಎಲ್ಲಕ್ಕಿಂತ ಮೊದಲು ಹೋಗುತ್ತದೆ.

ಬರೆಯಬೇಕಾದದ್ದು ಒಂದು ಸಂಖ್ಯೆ: ಈ ಅನಿಲವನ್ನು ಉಸಿರಾಡಬಹುದಾದ ಗರಿಷ್ಠ ಆಳ. ಅಂಗೈಯಗಲದ ದೊಡ್ಡ ಅಂಕಿಗಳಲ್ಲಿ, ಸಿಲಿಂಡರ್‌ನ ಉದ್ದಕ್ಕೆ, ಎರಡೂ ಬದಿಗೆ ಬರೆಯಿರಿ. ಒಂದು ಬದಿ ನಿಮಗೆ, ಇನ್ನೊಂದು ಜೊತೆಗಾರನಿಗೆ. ಆಕ್ಸಿಜನ್‌ಗೆ 6, ಅರ್ಧದಷ್ಟು ಆಕ್ಸಿಜನ್ ಇರುವ ನೈಟ್ರಾಕ್ಸ್ 50ಕ್ಕೆ 21. ಕತ್ತಿನ ಬಳಿ ಟೇಪಿನ ಮೇಲೆ ಅಳೆದ ಆಕ್ಸಿಜನ್ ಪ್ರಮಾಣ, ದಿನಾಂಕ, ಅಳೆದವರ ಸಹಿ ಇರಲಿ. ಅಳೆಯುವವರು ನೀವೇ ಆಗಿರಬೇಕು. ತುಂಬಿದವರ ಮಾತು ಸಾಕೆಂದು ಬಿಡಬೇಡಿ. ಹಳೆಯ ಟೇಪ್ ತೆಗೆಯದೆ ಹೊಸದನ್ನು ಅಂಟಿಸಬೇಡಿ. ಟೇಪ್ ಇಲ್ಲದ ಸಿಲಿಂಡರ್ ದೋಣಿಯಲ್ಲಿ ಕಂಡರೆ ಅದು ಯಾರದೇ ಆಗಿರಲಿ ಕೇಳಿ, ಸಂಕೋಚ ಬೇಡ.

ಈ 21, 6 ಮೀಟರ್ ಲೆಕ್ಕ ಎಲ್ಲಿಂದ ಬಂತು?

ಪ್ರತಿ 10 ಮೀಟರ್‌ಗೆ ನೀರಿನ ಒತ್ತಡ 1 ಬಾರ್ ಏರುತ್ತದೆ, ಮೇಲ್ಮೈಯಲ್ಲಿ ಗಾಳಿಯದು 1 ಬಾರ್ ಇದ್ದೇ ಇದೆ. ಡೆಕೊ ನಿಲುಗಡೆಯಲ್ಲಿ ಆಕ್ಸಿಜನ್‌ನ ಪಾಲಿನ ಒತ್ತಡ 1.6 ಬಾರ್ ಮೀರಬಾರದು ಎಂಬುದು ರೂಢಿಯ ಮಿತಿ. ತಳದಲ್ಲಿ ದುಡಿಯುವಾಗ 1.4. ಶುದ್ಧ ಆಕ್ಸಿಜನ್‌ಗೆ 1.6 ಬಾರ್ ಬರುವುದು 6 ಮೀಟರ್‌ನಲ್ಲಿ. 50 ಪ್ರತಿಶತಕ್ಕೆ 1.6 ಅನ್ನು 0.5ರಿಂದ ಭಾಗಿಸಿದರೆ 3.2 ಬಾರ್, ಅಂದರೆ 22 ಮೀಟರ್. ನಿಲುಗಡೆಗಳು ಮೂರು ಮೂರು ಮೀಟರ್‌ಗೆ ಇರುವುದರಿಂದ 21 ಎಂದು ಹಿಡಿಯುತ್ತಾರೆ. 21 ಮೀಟರ್‌ನಲ್ಲಿ ತಪ್ಪಿ ಆಕ್ಸಿಜನ್ ಸಿಲಿಂಡರ್ ಬಾಯಿಗಿಟ್ಟರೆ ಆ ಒತ್ತಡ 3.1 ಬಾರ್. ಮುನ್ಸೂಚನೆಯಿಲ್ಲದೆ ಮೈ ಸೆಟೆದು ಫಿಟ್ಸ್ ಬರಬಹುದು, ಬಾಯಿಂದ ರೆಗ್ಯುಲೇಟರ್ ಬಿದ್ದು ಮುಳುಗುವುದು ಖಚಿತವೆಂದೇ ಹೇಳಬೇಕು.

ಎಷ್ಟು ಅನಿಲ ಸಾಕು? ಒಂದು 40ರಲ್ಲಿ ಮುಗಿಯುತ್ತದೆಯೇ?

ಲೆಕ್ಕ ಹಾಕಿಯೇ ಹೇಳಬೇಕು. ಮೇಲ್ಮೈಯಲ್ಲಿ ನಿಮಿಷಕ್ಕೆ 18 ಲೀಟರ್ ಉಸಿರಾಡುವವರು ಎನ್ನೋಣ. 6 ಮೀಟರ್‌ನಲ್ಲಿ 20 ನಿಮಿಷ ಆಕ್ಸಿಜನ್ ಬೇಕಿದ್ದರೆ 18 ಗುಣಿಸು 1.6 ಗುಣಿಸು 20, ಅಂದರೆ 576 ಲೀಟರ್. ಇದಕ್ಕೆ ಅರ್ಧದಷ್ಟು ಮೀಸಲು ಸೇರಿಸಿ: 864. ಅಲ್ಯೂಮಿನಿಯಂ 40ನ್ನು 200 ಬಾರ್ ತುಂಬಿದರೆ 1140 ಲೀಟರ್, ಧಾರಾಳವಾಯಿತು. ಆದರೆ ಒತ್ತಡ ಏರಿಸುವ ಬೂಸ್ಟರ್ ಪಂಪ್ ಇಲ್ಲದ ಕಡೆ ಆಕ್ಸಿಜನ್ 200 ಬಾರ್ ತುಂಬುವುದಿಲ್ಲ, ಯಾವುದರಿಂದ ತುಂಬುತ್ತಾರೋ ಆ ದೊಡ್ಡ ಸಿಲಿಂಡರ್‌ನ ಒತ್ತಡವೇ 150ರ ಸುತ್ತ ಇರುತ್ತದೆ. 150 ಬಾರ್ ತುಂಬಿದರೆ ಸಿಗುವುದು 855 ಲೀಟರ್. ಮೀಸಲಿಗೆ 9 ಲೀಟರ್ ಕೊರತೆ. ಆ ಡೈವ್ ಅನ್ನು ಗಿಡ್ಡ ಮಾಡಬೇಕೇ ಹೊರತು ಮೀಸಲನ್ನಲ್ಲ. ಕೈಗೆ ಬಂದ ಸಿಲಿಂಡರ್‌ನ ಗೇಜ್ ನೋಡಿ ಲೆಕ್ಕವನ್ನು ಮತ್ತೆ ಹಾಕಿ. ಊರಲ್ಲಿ ಕೂತು ಹಾಕಿದ ಲೆಕ್ಕ ದೋಣಿಯ ಮೇಲೆ ಹಳತಾಗಿರುತ್ತದೆ.

## ನೀರಿಗಿಳಿದ ಮೇಲೆ

ಡೆಕೊ ಸಿಲಿಂಡರ್ ಎಡಕ್ಕೆ ಹಾಕಲೇ, ಬಲಕ್ಕೆ ಹಾಕಲೇ?

ಒಂದೇ ಇದ್ದರೆ ಎಡಕ್ಕೆ. ಎರಡಿದ್ದು ಎರಡೂ 40 ಆಗಿದ್ದರೆ, ನನ್ನ ಮಟ್ಟಿಗೆ, ಎರಡೂ ಎಡಕ್ಕೆ. ಎರಡು 80 ಆಗಿದ್ದರೆ ಒಂದೊಂದು ಪಕ್ಕೆಗೆ ಒಂದೊಂದು, ಇಲ್ಲದಿದ್ದರೆ ಒಂದೇ ಎತ್ತು ಕಟ್ಟಿದ ನೊಗದಂತೆ ಮೈ ವಾಲುತ್ತದೆ.

ಬಲಕ್ಕೆ ಹಾಕುವಾಗ ನೋಡಬೇಕಾದದ್ದೊಂದಿದೆ. ಜೊತೆಗಾರನಿಗೆ ಕೊಡುವ ಉದ್ದ ಹೋಸ್ ಹೆಚ್ಚಿನವರಿಗೆ ಬಲ ಸಿಲಿಂಡರ್‌ನಿಂದ ಬರುತ್ತದೆ. ಡೆಕೊ ಸಿಲಿಂಡರ್ ಅದರ ಮೇಲೆ ಕೂತರೆ, ಕೊಡಬೇಕಾದ ಹೊತ್ತಿನಲ್ಲಿ ಹೋಸ್ ಬರುವುದಿಲ್ಲ. ಪ್ರತಿ ಸಲ ಕೊಂಡಿ ಹಾಕಿದ ಮೇಲೆ ಉದ್ದ ಹೋಸ್ ಪೂರ್ತಿ ಎಳೆದು ನೋಡಿ.

ಆಕ್ಸಿಜನ್ ಹೆಚ್ಚಿರುವುದು ಬಲಕ್ಕೆ, ಕಡಿಮೆಯಿರುವುದು ಎಡಕ್ಕೆ ಎಂಬ ಹಳೆಯ ರೂಢಿಯನ್ನು ಕೆಲವರು ಪಾಲಿಸುತ್ತಾರೆ. ಪಾಲಿಸಿ, ಆದರೆ ನಂಬಬೇಡಿ. ಸಿಲಿಂಡರ್ ಇರುವ ಕಡೆಯನ್ನು ನೋಡಿ ಅನಿಲ ಯಾವುದೆಂದು ತೀರ್ಮಾನಿಸುವವರು ಒಂದಲ್ಲ ಒಂದು ದಿನ ಕಡೆಯನ್ನೇ ಮರೆಯುತ್ತಾರೆ. ಸಂಖ್ಯೆ ಓದಬೇಕು.

ಅರ್ಧ ಖಾಲಿಯಾದ ಮೇಲೆ ಸಿಲಿಂಡರ್‌ನ ಬಾಲ ಮೇಲೇಳುತ್ತದೆ. ಏನು ಮಾಡಲಿ?

ಅನಿಲ ಖರ್ಚಾದಂತೆ ಅಲ್ಯೂಮಿನಿಯಂ ಹಗುರಾಗುತ್ತದೆ. ವಾಲ್ವ್ ಮತ್ತು ರೆಗ್ಯುಲೇಟರ್‌ನ ತೂಕ ಮುಂದಿನ ತುದಿಯಲ್ಲೇ ಇರುವುದರಿಂದ ಏಳುವುದು ಬಾಲವೇ. ಕೆಳಗಿನ ಕೊಂಡಿಯನ್ನು ಸೊಂಟದಲ್ಲಿ ಇನ್ನೂ ಮುಂದಿನ ಡಿ-ರಿಂಗ್‌ಗೆ ಬದಲಿಸಿ, ಬಾಲ ಇಳಿಯುತ್ತದೆ. ಜಾರುವ ಡಿ-ರಿಂಗ್ ಇದ್ದರೆ ಇನ್ನೂ ಸುಲಭ. ಕೊಂಡಿಯ ಕುಣಿಕೆ ಉದ್ದವಿದ್ದರೂ ಹೀಗಾಗುತ್ತದೆ, ಅದನ್ನು ಗಿಡ್ಡ ಮಾಡಿ. ಸಿಲಿಂಡರ್‌ನ ಬುಡಕ್ಕೆ ತೂಕ ಕಟ್ಟುವವರಿದ್ದಾರೆ. 80ಕ್ಕೆ ಒಪ್ಪುತ್ತೇನೆ, 40ಕ್ಕೆ ಅಗತ್ಯವಿಲ್ಲ.

ಇಳಿಯುವಾಗ ಡೆಕೊ ಸಿಲಿಂಡರ್‌ನ ವಾಲ್ವ್ ತೆರೆದಿರಬೇಕೇ, ಮುಚ್ಚಿರಬೇಕೇ?

ಒಮ್ಮೆ ತೆರೆದು ಹೋಸ್‌ಗೆ ಒತ್ತಡ ತುಂಬಿ, ಮುಚ್ಚಿ. ಒತ್ತಡ ತುಂಬಿದ್ದರೆ ನೀರು ಒಳನುಗ್ಗುವುದಿಲ್ಲ. ವಾಲ್ವ್ ಮುಚ್ಚಿದ್ದರೆ ರೆಗ್ಯುಲೇಟರ್ ತಾನೇ ಹರಿಯತೊಡಗಿದರೂ ಅನಿಲ ಖಾಲಿಯಾಗುವುದಿಲ್ಲ. ತಪ್ಪಿ ಬಾಯಿಗಿಟ್ಟರೆ ಎರಡು ಉಸಿರಿಗೇ ನಿಂತು ಎಚ್ಚರಿಸುತ್ತದೆ. ಇಳಿಯುವಾಗ ನಡುನಡುವೆ ಗೇಜ್ ನೋಡಿ. ಮುಳ್ಳು ಸೊನ್ನೆಗೆ ಬಂದಿದ್ದರೆ ಎಲ್ಲೋ ಸೋರುತ್ತಿದೆ.

ಅನಿಲ ಬದಲಿಸುವ ಕ್ರಮವನ್ನು ಒಂದೊಂದಾಗಿ ಹೇಳಿ.

ಮೊದಲು ನಿಲುಗಡೆಯ ಆಳದಲ್ಲಿ ಅಲುಗಾಡದೆ ನಿಲ್ಲಿ. ಆಳ, ನಿಲುಗಡೆಯ ಲೆಕ್ಕ ತೋರಿಸುವ ಡೈವ್ ಕಂಪ್ಯೂಟರ್‌ನಲ್ಲಿ ಆಳ ಓದಿ. ಸಿಲಿಂಡರ್ ಮೇಲಿನ ಸಂಖ್ಯೆ ಓದಿ, ಜೊತೆಗಾರನಿಗೆ ತೋರಿಸಿ. ಎರಡೂ ಹೊಂದಿದರೆ ಸೆಕೆಂಡ್ ಸ್ಟೇಜ್ ಹೊರತೆಗೆಯಿರಿ, ವಾಲ್ವ್ ತೆರೆಯಿರಿ. ಈಗ ಬಹಳ ಮುಖ್ಯವಾದದ್ದು: ವಾಲ್ವ್‌ನಿಂದ ಶುರುಮಾಡಿ ಹೋಸ್‌ನ ಮೇಲೆ ಕೈಯಾಡಿಸುತ್ತ ಬಾಯಿಗೆ ಇಡಲಿರುವ ರೆಗ್ಯುಲೇಟರ್‌ವರೆಗೆ ಬನ್ನಿ. ಕೈಯಲ್ಲಿರುವುದು ಆ ಸಿಲಿಂಡರ್‌ನದೇ ಎಂದು ಇದರಿಂದ ಮಾತ್ರ ಖಚಿತವಾಗುತ್ತದೆ. ಜೊತೆಗಾರ ಇದನ್ನು ನೋಡಿ ಸರಿಯೆಂದು ಸನ್ನೆ ಮಾಡಿದ ಮೇಲೆ ಬಾಯಿಗಿಡಿ. ಕಂಪ್ಯೂಟರ್‌ನಲ್ಲಿ ಅನಿಲ ಬದಲಿಸುವುದು ಎಲ್ಲಕ್ಕಿಂತ ಕೊನೆಗೆ. ಇಬ್ಬರೂ ಒಟ್ಟಿಗೆ ಬದಲಿಸಬೇಡಿ. ಒಬ್ಬರು ಬದಲಿಸುವಾಗ ಇನ್ನೊಬ್ಬರ ಕಣ್ಣು ಅಲ್ಲೇ ಇರಲಿ.

ಸೈಡ್‌ಮೌಂಟ್‌ನಲ್ಲಿ ಈ ಕ್ರಮಕ್ಕೆ ಇನ್ನೂ ಹೆಚ್ಚಿನ ಬೆಲೆ. ಎದೆಯ ಸುತ್ತ ನಾಲ್ಕು ರೆಗ್ಯುಲೇಟರ್‌ಗಳು, ನಾಲ್ಕು ಹೋಸ್‌ಗಳು ಇರುತ್ತವೆ. ಕಟ್ಟುವುದರಲ್ಲಿ ಅಚ್ಚುಕಟ್ಟು ಬೇಕು ಎಂದು ನಾನು ಮತ್ತೆ ಮತ್ತೆ ಹೇಳುವುದು ಈ ಅರ್ಧ ನಿಮಿಷಕ್ಕಾಗಿ.

## ಅನುಭವಿಗಳ ಪ್ರಶ್ನೆಗಳು

ಡೆಕೊ ಸಿಲಿಂಡರ್ ಅನ್ನು 6 ಮೀಟರ್‌ನಲ್ಲಿ ಬಿಟ್ಟು ಹೋಗಬಹುದೇ? ಗುಹೆಯಲ್ಲಿ ಹಾಗೆ ಮಾಡುತ್ತಾರಂತೆ.

ಫ್ಲಾರಿಡಾ, ಮೆಕ್ಸಿಕೊದ ಗುಹೆಗಳಲ್ಲಿ ಮಾಡುತ್ತಾರೆ, ಏಕೆಂದರೆ ಒಳಹೋದ ಬಾಯಿಯಿಂದಲೇ ಹೊರಬರುತ್ತಾರೆ, ದಾರ ಅಲ್ಲಿಗೇ ತಂದು ಮುಟ್ಟಿಸುತ್ತದೆ. ತೆರೆದ ಸಮುದ್ರದಲ್ಲಿ ಪ್ರವಾಹ ನಿಮ್ಮನ್ನು ಲಂಗರಿನ ಹಗ್ಗದಿಂದ ದೂರ ಒಯ್ಯಬಹುದು. ಆಗ ಅನಿಲ ಒಂದು ಕಡೆ, ನೀವು ಒಂದು ಕಡೆ. ಸಮುದ್ರದಲ್ಲಿ ಬೇಕಾದದ್ದೆಲ್ಲ ಮೈಮೇಲೇ ಇರಬೇಕು. ಬಿಚ್ಚಿ ಹಸ್ತಾಂತರಿಸುವಾಗ ಕೆಳಗಿನ ಕೊಂಡಿ ಮೊದಲು, ಮೇಲಿನದು ಕೊನೆಗೆ. ಹಾಕಿಕೊಳ್ಳುವಾಗ ಮೇಲಿನದು ಮೊದಲು.

ಆಕ್ಸಿಜನ್ ಸಿಲಿಂಡರ್ ಕೈಕೊಟ್ಟರೆ?

ಆಗ ಹೇಗೆ ಮೇಲೇರಬೇಕೆಂಬ ವೇಳಾಪಟ್ಟಿಯನ್ನು ನೀರಿಗಿಳಿಯುವ ಮೊದಲೇ ಬರೆದಿರಬೇಕು. ಆಕ್ಸಿಜನ್ ಹೋದರೆ ನೈಟ್ರಾಕ್ಸ್ 50ರಲ್ಲಿ ಮುಗಿಸಲು ಎಷ್ಟು ನಿಮಿಷ, 50 ಹೋದರೆ ತಳದ ಅನಿಲದಲ್ಲಿ ಎಷ್ಟು, ಎರಡೂ ಹೋದರೆ ಎಷ್ಟು, ಮೂರೂ ಸ್ಲೇಟ್ ಮೇಲೆ ಇರಲಿ. ಮುಖ್ಯ ಸಿಲಿಂಡರ್‌ಗಳಲ್ಲಿ ಆ ಮಟ್ಟಿಗೆ ಅನಿಲ ಉಳಿಯುವಂತೆ ತಳದ ಸಮಯ ಕಡಿತಗೊಳಿಸಿ. ಸೈಡ್‌ಮೌಂಟ್‌ನ ಎರಡು ಸಿಲಿಂಡರ್‌ಗಳ ನಡುವೆ ಸಂಪರ್ಕ ಇಲ್ಲದ್ದರಿಂದ ಮೀಸಲು ಎರಡರಲ್ಲೂ ಹಂಚಿರಬೇಕು. ಒಂದರಲ್ಲೇ ಇಟ್ಟು ಆ ವಾಲ್ವ್ ಕೆಟ್ಟರೆ ಮೀಸಲಿದ್ದೂ ಇಲ್ಲದಂತೆ.

ಹಾವೇರಿ ಕಡೆ ನದಿ, ಬಾವಿಗಳಲ್ಲಿ ಮುಳುಗಿದವರನ್ನು ಹುಡುಕಲು ಸೈಡ್‌ಮೌಂಟ್ ಉಪಯೋಗವಾಗುವುದಿಲ್ಲವೇ?

ಇಕ್ಕಟ್ಟಿನಲ್ಲಿ ನುಸುಳಲು ಅನುಕೂಲ ಎಂಬುದು ನಿಜ. ಆದರೆ ಆ ಕೆಲಸದ ಅಪಾಯ ಬೇರೆ: ಶೂನ್ಯ ದೃಷ್ಟಿ, ಮುಳ್ಳುತಂತಿ, ಪಂಪಿನ ಹಗ್ಗ, ಕುಸಿಯುವ ಗೋಡೆ. ಅದನ್ನು ದಡದಿಂದ ಹಗ್ಗ ಹಿಡಿದು ಮಾಡುತ್ತಾರೆ, ಅದಕ್ಕೇ ಬೇರೆ ತರಬೇತಿಯಿದೆ. ಕರೆ ಬಂದಾಗ ಮನಸ್ಸು ತಡೆಯದು ಎಂಬುದು ನನಗೆ ಗೊತ್ತು. ಆದರೂ ಅಗ್ನಿಶಾಮಕ ದಳದವರಿಗೆ ಬಿಡಿ.

ಡೈವ್ ಮುಗಿಸಿ ಅದೇ ಸಂಜೆ ಕಾರಿನಲ್ಲಿ ಹುಬ್ಬಳ್ಳಿಗೆ ಬರಬಹುದೇ? ವಿಮಾನವಲ್ಲವಲ್ಲ.

ನಮ್ಮ ಭಾಗದವರು ಕೇಳಲೇಬೇಕಾದ ಪ್ರಶ್ನೆ. ಹುಬ್ಬಳ್ಳಿ, ಗದಗ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿವೆ, ಧಾರವಾಡ 700 ಮೀಟರಿಗೂ ಮೇಲೆ. ಡೈವ್ ಆದಮೇಲೆ ವಿಮಾನ ಹತ್ತುವ ಬಗ್ಗೆ ಡ್ಯಾನ್ (ಡೈವರ್ಸ್ ಅಲರ್ಟ್ ನೆಟ್‌ವರ್ಕ್) ಎಂಬ ಡೈವರ್‌ಗಳ ಸುರಕ್ಷತಾ ಸಂಸ್ಥೆ ಕೊಟ್ಟಿರುವ ಸಲಹೆ ಅನ್ವಯವಾಗುವುದು ಸುಮಾರು 600 ಮೀಟರ್‌ನಿಂದ 2,400 ಮೀಟರ್ ಎತ್ತರದ ಒತ್ತಡಕ್ಕೆ. ಅಂದರೆ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ ದಾಟಿ ಮನೆಗೆ ಬಂದು ಮಲಗುವಷ್ಟರಲ್ಲಿ ನೀವು ಆ ಮಿತಿಯೊಳಗೆ ಬಂದಿರುತ್ತೀರಿ. ಆ ಸಲಹೆಯ ಪ್ರಕಾರ ಡೆಕೊ ಬೇಡದ ಒಂದೇ ಡೈವ್ ಆಗಿದ್ದರೆ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನಗಳದ್ದಾದರೆ 18 ಗಂಟೆ, ಡೆಕೊ ಡೈವ್ ಆಗಿದ್ದರೆ 18ಕ್ಕಿಂತ ಸಾಕಷ್ಟು ಹೆಚ್ಚು ಕಾಯಬೇಕು. ಡೆಕೊ ಡೈವ್‌ಗೆ ನಾನು ಪೂರ್ತಿ 24 ಗಂಟೆ ಹೇಳುತ್ತೇನೆ.

ನಾಲ್ಕೈದು ಗಂಟೆಯ ದಾರಿಯಲ್ಲಿ ಏರಿಕೆ ಬರುವುದು ಅಂಕೋಲಾ ಬಿಟ್ಟ ಮೇಲೆ. ಆದ್ದರಿಂದ ಆ ರಾತ್ರಿ ಮುರುಡೇಶ್ವರದಲ್ಲೋ ಗೋಕರ್ಣದಲ್ಲೋ ಉಳಿಯಿರಿ, ಸೋಮವಾರ ಒಂದು ದಿನ ರಜೆ ಹಾಕಿ. ಘಟ್ಟ ಹತ್ತುವಾಗ ಕೀಲು ನೋವು, ಚರ್ಮದಲ್ಲಿ ಜುಮ್ಮೆನ್ನುವಿಕೆ, ಅಸಹಜ ಸುಸ್ತು ಕಂಡರೆ ಮುಂದೆ ಏರಬೇಡಿ, ಕರಾವಳಿಗೆ ಇಳಿದು ಆಕ್ಸಿಜನ್ ಕೊಡಬಲ್ಲ ಆಸ್ಪತ್ರೆಗೆ ಹೋಗಿ, ಡೈವ್ ಮಾಡಿದ್ದನ್ನು ಮೊದಲ ಮಾತಿನಲ್ಲೇ ವೈದ್ಯರಿಗೆ ಹೇಳಿ.